ಇಳಿಜಾರು ದೇವಯ್ಯನವರು

ಬಸವನಗುಡಿಯ ರಸ್ತೆಗಳನ್ನು ಜನ ಗುಡಿಯಿಂದ, ಹೋಟೆಲಿನಿಂದ, ಶಾಲೆಯಿಂದ ಗುರುತಿಸಿದರೆ ದೇವಯ್ಯನವರು ಇಳಿಜಾರಿನಿಂದ ಗುರುತಿಸುತ್ತಿದ್ದರು. ಯಾವ ರಸ್ತೆ ಯಾವ ದಿಕ್ಕಿಗೆ ವಾಲಿದೆ, ಯಾರ ಮನೆಯ ಮುಂದೆ ಬ್ರೇಕು ಬಿಟ್ಟೊಡನೆ ಗಾಡಿ ತಾನಾಗಿ ಉರುಳುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಬುಲ್ ಟೆಂಪಲ್ ರಸ್ತೆ ಉತ್ತಮ. ಗವಿಪುರ ಅತ್ಯುತ್ತಮ, ಅವರ ಮನೆಯೂ ಅಲ್ಲಿಯೇ ಇತ್ತು. ಬಸವನಗುಡಿಯಾಚೆ ಮಲ್ಲೇಶ್ವರಂನ ಅಡ್ಡರಸ್ತೆಗಳಲ್ಲಿ ಕೆಲವು ಪರವಾಗಿಲ್ಲ. ಎನ್.ಆರ್. ಕಾಲೋನಿಯಲ್ಲಿ ಅವರಿಗೆ ಗೊತ್ತಿದ್ದ ಬೀದಿಗಳು ಮಾತ್ರ ತಟ್ಟೆಯಂತೆ ಸಮ. ಅಲ್ಲಿಂದ ಯಾರಾದರೂ ಸಾಮಾನು ಸಾಗಿಸಲು ಕರೆದರೆ ದೇವಯ್ಯನವರಿಗೆ ಅಂದು ಬೇರೆ ಕೆಲಸವಿರುತ್ತಿತ್ತು. ಜಾನಕಮ್ಮನವರೆಂಬ ಹಿರಿಯರೊಬ್ಬರು ತಮ್ಮ ಒರಳುಕಲ್ಲನ್ನು ಮಲ್ಲೇಶ್ವರಂನ ಮಗಳ ಮನೆಗೆ ಮುಟ್ಟಿಸಿಕೊಡಿ ಎಂದು ನಾಲ್ಕು ಸಲ ಹೇಳಿಕಳುಹಿಸಿದ್ದರು. ನಾಲ್ಕು ಸಲವೂ ಬೇರೆ ಕೆಲಸ.

ಎಲ್ಲಕ್ಕೂ ಕಾರಣ ಅವರ ಹಳೆಯ ಡೀಸೆಲ್ ಪಿಕಪ್ಪು. ಮೂರು ವರ್ಷದಿಂದ ಅದರ ಸೆಲ್ಫ್ ಸ್ಟಾರ್ಟರು ಕೆಲಸ ಮಾಡುತ್ತಿರಲಿಲ್ಲ. ಕೀ ತಿರುಗಿಸಿದರೆ 'ಟಕ್' ಎಂದು ಒಂದು ಸದ್ದು, ಆಮೇಲೆ ಮೌನ. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದು, ಇಳಿಜಾರಿನಲ್ಲಿ ಉರುಳಿಸಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ಚು ಬಿಟ್ಟರೆ ಮಾತ್ರ ಗಾಡಿ ಕೆಮ್ಮುತ್ತ ಎದ್ದು ಹೊರಡುತ್ತಿತ್ತು.

ಹದಿನಾಲ್ಕು ವರ್ಷ ಒಂದು ಮರದ ಅಂಗಡಿಯಲ್ಲಿ ಡ್ರೈವರಾಗಿದ್ದ ದೇವಯ್ಯನವರು ೧೯೯೧ರಲ್ಲಿ ಈ ಗಾಡಿಯನ್ನು ಕೊಂಡಿದ್ದರು. ಆಗಲೇ ಅದು ಇಬ್ಬರ ಕೈ ದಾಟಿ ಬಂದಿತ್ತು. ಅಂಗಡಿಯಲ್ಲಿದ್ದಾಗ ಸಂಜೆಯಾದರೆ ಕೀಯನ್ನು ಯಜಮಾನರ ಮೇಜಿನ ಮೇಲಿಟ್ಟು ಬರಬೇಕಾಗಿತ್ತು. ಈಗ ಕೀ ಅವರ ಅಂಗಿಯ ಜೇಬಿನಲ್ಲೇ ಮನೆಗೆ ಬರುತ್ತಿತ್ತು. ಊಟಕ್ಕೆ ಕುಳಿತಾಗಲೂ ಅದನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಗಾಡಿಯ ರೋಗಗಳಿಗೆ ಲೆಕ್ಕವಿರಲಿಲ್ಲ. ರೇಡಿಯೇಟರು ಸೋರುತ್ತಿತ್ತು, ಬೆಸುಗೆ ಹಾಕಿಸಿದರು. ಕಬ್ಬಿಣದ ಬೀರು ಹೊತ್ತು ಹೊತ್ತು ಹಿಂದಿನ ಕಮಾನುಪಟ್ಟಿ ಮುರಿಯಿತು, ಬದಲಾಯಿಸಿದರು. ೧೯೯೫ರಲ್ಲಿ ಕ್ಲಚ್ ಪ್ಲೇಟು ಸವೆದಾಗ ಯಾರ ನೆರವೂ ಬೇಡವೆಂದು ಮನೆಯ ಮುಂದೆಯೇ ಗೇರ್‌ಬಾಕ್ಸ್ ಇಳಿಸಿ, ಎರಡು ದಿನ ಗಾಡಿಯ ಕೆಳಗೆ ಮಲಗಿ ಎದ್ದು, ಹೊಸದನ್ನು ತಾವೇ ಕೂರಿಸಿದರು. ಬೀದಿಯವರೆಲ್ಲ ನಿಂತು ನೋಡಿದ್ದರು. ಎಲ್ಲ ಮುಗಿದ ಮೇಲೆ, ಜಡೆಯ ಹಾಗೆ ಹೆಣೆದ ತಾಮ್ರದ ಪಟ್ಟಿಯೊಂದು ಮಿಕ್ಕಿತು. ಇದೇನೆಂದು ಹೆಂಡತಿ ನಾರಾಯಣಮ್ಮನವರು ಕೇಳಿದ್ದಕ್ಕೆ, ಕಂಪನಿಯವರು ಯಾವಾಗಲೂ ಒಂದು ಜಾಸ್ತಿ ಹಾಕಿರುತ್ತಾರೆ ಎಂದು ತಿಳಿಯಹೇಳಿ, ಅದರಿಂದ ಟೂಲ್ಸ್ ಪೆಟ್ಟಿಗೆಯ ಮುಚ್ಚಳವನ್ನು ಬಿಗಿಯಾಗಿ ಕಟ್ಟಿದರು.

ಇದಲ್ಲದೆ ಮೂರು ನಾಲ್ಕು ತಿಂಗಳಿಗೊಮ್ಮೆ ಎಕ್ಸಲೇಟರ್ ವೈರು ಹರಿಯುತ್ತಿತ್ತು. ಹರಿದದ್ದನ್ನು ನಾರಾಯಣಮ್ಮನವರು ಎಸೆಯಗೊಡದೆ ಒಂದಕ್ಕೊಂದು ಗಂಟು ಹಾಕಿ ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ತಂತಿ ಮಾಡಿಕೊಂಡಿದ್ದರು.

ಹೀಗೆ ಹೇಗೋ ನಡೆದುಕೊಂಡು ಹೋಗುತ್ತಿರುವಾಗ ೧೯೯೮ರಲ್ಲಿ ಗಾಡಿ ಯೋಗ್ಯವಾಗಿದೆಯೆಂಬ ಸರ್ಕಾರಿ ಸರ್ಟಿಫಿಕೇಟು, ಅಂದರೆ ಎಫ್.ಸಿ. ಮಾಡಿಸುವ ದಿನ ಬಂತು. ಹಿಂದಿನ ವರ್ಷಗಳಲ್ಲಿ ಓಡುತ್ತಿರುವ ಗಾಡಿಯಲ್ಲೇ ಬ್ರೇಕು, ದೀಪ ನೋಡಿ ಬಿಟ್ಟಿದ್ದರು. ಈ ಸಲ ಬಂದಿರುವ ಇನ್ಸ್‌ಪೆಕ್ಟರು ಸಮವಾದ ಮೈದಾನದಲ್ಲಿ ಎಂಜಿನ್ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಿ ತೋರಿಸಲು ಹೇಳುತ್ತಾರೆಂದು ಸುದ್ದಿಯಾಯಿತು. ದೇವಯ್ಯನವರಿಗೆ ಅನ್ನ ಸೇರದಾಯಿತು. ಎಫ್.ಸಿ. ಆಗದಿದ್ದರೆ ಗಾಡಿ ರಸ್ತೆಗಿಳಿಯುವಂತಿಲ್ಲ. ನಾರಾಯಣಮ್ಮನವರ ಅಣ್ಣ ಆಂಜಿನಯ್ಯನವರು ಆಗಲೇ ಗುಜರಿಯವನೊಬ್ಬನನ್ನು ಗೊತ್ತುಮಾಡಿದ್ದರು. ಮತ್ತೆ ಇನ್ನೊಬ್ಬರ ಗಾಡಿ, ಇನ್ನೊಬ್ಬರ ಮೇಜಿನ ಮೇಲೆ ಕೀ.

ಚಾಮರಾಜಪೇಟೆಯಲ್ಲಿ ದೊಡ್ಡಬೈರಪ್ಪನವರೆಂಬ ಆಟೋ ಎಲೆಕ್ಟ್ರಿಷಿಯನ್ ಇದ್ದರು. ಅವರು ಸೆಲ್ಫನ್ನು ಬಿಚ್ಚಿ ಮೇಜಿನ ಮೇಲಿಟ್ಟು ಕರೆಂಟು ಕೊಟ್ಟರೆ ಬುಗುರಿಯಂತೆ ತಿರುಗಿತು. ಬ್ಯಾಟರಿಯೂ ಸರಿಯಾಗಿತ್ತು. ಗಾಡಿಗೆ ಕೂರಿಸಿದರೆ ಮತ್ತದೇ 'ಟಕ್'.

"ಸೆಲ್ಫ್ ಚೆನ್ನಾಗಿದೆ, ಬ್ಯಾಟ್ರಿ ಚೆನ್ನಾಗಿದೆ ದೇವಣ್ಣ," ಎಂದರು ಬೈರಪ್ಪನವರು. "ಗಾಡೀಗೇ ನಿಮ್ ಮೇಲೆ ಕೋಪ ಇರ್ಬೇಕು."

ಆದರೂ ಮನಸ್ಸು ತಡೆಯದೆ, ಎಫ್.ಸಿ.ಯ ಹಿಂದಿನ ದಿನ ಬೆಳಗ್ಗೆ ಅವರು ಗವಿಪುರಕ್ಕೇ ಬಂದರು. ಹಿತ್ತಲಿನಲ್ಲಿ ಕಾಫಿ ಕುಡಿಯುತ್ತ ಇಬ್ಬರೂ ಕುಳಿತಿದ್ದರು. ನಾರಾಯಣಮ್ಮನವರು ಒಣಗಿದ ಬಟ್ಟೆ ತೆಗೆಯುತ್ತಿದ್ದವರು ಬಿಳಿ ಪಂಚೆಯೊಂದನ್ನು ತಂದು ಗಂಡನ ಮುಂದೆ ಹಿಡಿದರು. ಅದರ ಮೇಲೆ ಕಪ್ಪು ಗೀರು.

"ಹರಿದಿರೋ ವೈರ್ ತಂದ್ಕೊಡಿ, ಬೇಡ ಅನ್ನಲ್ಲ. ಸುಟ್ಟಿರೋದನ್ನ ಯಾಕ್ ತಂದ್ಕೊಡ್ತೀರಿ?"

"ಸುಟ್ಟಿಲ್ಲ ಕಣೇ, ಸವೆದಿರೋದು."

"ಇಪ್ಪತ್ತೈದು ವರ್ಷದಿಂದ ಒಲೆ ಮುಂದೆ ಇದೀನಿ. ಯಾವ್ದು ಸುಟ್ಟಿದ್ದು, ಯಾವ್ದು ಸವೆದಿದ್ದು ಅಂತ ನನಗ್ ಹೇಳ್ಕೊಡ್ಬೇಡಿ."

ಬೈರಪ್ಪನವರು ಕಾಫಿ ಲೋಟ ಕೆಳಗಿಟ್ಟು ಎದ್ದುಹೋಗಿ ತಂತಿಯನ್ನು ಹಿಡಿದು ನೋಡಿದರು. ನಾರಾಯಣಮ್ಮನವರು ಹೇಳಿದ್ದು ನಿಜ. ಪ್ರತಿಯೊಂದು ತುಂಡೂ ಹರಿದ ಕಡೆ ಕಪ್ಪಗೆ ಸುಟ್ಟಿತ್ತು. ಅವರು ನೇರವಾಗಿ ಗಾಡಿಯ ಬಳಿಗೆ ನಡೆದು, ಎಕ್ಸಲೇಟರ್ ವೈರಿನ ಮೇಲೆ ಬೆರಳಿಟ್ಟು, ಕೀ ತಿರುಗಿಸಿ ಹಿಡಿದುಕೊಳ್ಳುವಂತೆ ದೇವಯ್ಯನವರಿಗೆ ಹೇಳಿದರು. 'ಟಕ್' ಎಂದ ಸ್ವಲ್ಪ ಹೊತ್ತಿಗೆಲ್ಲ ಬೆರಳನ್ನು ಸರಕ್ಕನೆ ಎಳೆದುಕೊಂಡು ಬಾಯಿಗಿಟ್ಟುಕೊಂಡರು. ಮುಖದಲ್ಲಿ ಮಾತ್ರ ನಗೆಯಿತ್ತು.

ಆಮೇಲೆ ಶಾಲೆಯ ಪಾಠದಂತೆ ಬಿಡಿಸಿ ಹೇಳಿದರು. ಬ್ಯಾಟರಿಯಿಂದ ಸೆಲ್ಫಿಗೆ ಹೋದ ಕರೆಂಟು ಬ್ಯಾಟರಿಗೇ ಹಿಂದಿರುಗಬೇಕು. ಅದಕ್ಕೆಂದೇ ಎಂಜಿನ್ನಿನಿಂದ ಗಾಡಿಯ ಚೌಕಟ್ಟಾದ ಚಾಸಿಗೆ ದಪ್ಪ ದಾರಿಯೊಂದಿರುತ್ತದೆ. ಆ ದಾರಿ ಇಲ್ಲದ್ದರಿಂದ ಅಷ್ಟೂ ಕರೆಂಟು ಎರಡನ್ನೂ ಮುಟ್ಟಿಕೊಂಡಿರುವ ಈ ಬಡಪಾಯಿ ವೈರಿನಲ್ಲಿ ನುಸುಳಲು ಹೋಗಿ ಅದನ್ನು ಸುಡುತ್ತಿತ್ತು. ಸೆಲ್ಫಿಗೂ ಬಲ ಸಾಲುತ್ತಿರಲಿಲ್ಲ.

"ತಾಮ್ರದ ಪಟ್ಟಿ ದೇವಣ್ಣ, ಜಡೆ ಥರ ಹೆಣೆದಿರುತ್ತೆ. ಯಾರೋ ಬಿಚ್ಚಿದೋರು ಮತ್ತೆ ಹಾಕೇ ಇಲ್ಲ."

ದೇವಯ್ಯನವರ ಕಣ್ಣು ಮೆಲ್ಲಗೆ ಟೂಲ್ಸ್ ಪೆಟ್ಟಿಗೆಯ ಕಡೆಗೆ ಹೊರಳಿತು. ನಾರಾಯಣಮ್ಮನವರ ಕಣ್ಣು ಅದಕ್ಕಿಂತ ಮುಂಚೆಯೇ ಅಲ್ಲಿಗೆ ಹೋಗಿತ್ತು.

"ಕಂಪ್ನಿಯೋರು ಜಾಸ್ತಿ ಹಾಕಿದ್ದು," ಎಂದು ನಾರಾಯಣಮ್ಮನವರು ಬೈರಪ್ಪನವರಿಗೆ ತಗ್ಗಿದ ದನಿಯಲ್ಲಿ ವಿವರಿಸಿದರು.

ಪಟ್ಟಿಯನ್ನು ಬಿಚ್ಚಿ, ಉಜ್ಜಿ, ಎರಡು ಬೋಲ್ಟು ಬಿಗಿಯಲು ಕಾಲು ಗಂಟೆಯೂ ಹಿಡಿಯಲಿಲ್ಲ. ದೇವಯ್ಯನವರು ಕೀ ತಿರುಗಿಸಿದರು. ಮೂರು ವರ್ಷ ಮುನಿಸಿಕೊಂಡಿದ್ದ ಎಂಜಿನ್ನು ಒಂದೇ ಸಲಕ್ಕೆ ಮಾತನಾಡಿತು. ಬೈರಪ್ಪನವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾರಾಯಣಮ್ಮನವರು ನಗಲಿಲ್ಲ, ಬಟ್ಟೆಗೆ ಒಳ್ಳೆಯ ನೈಲಾನ್ ಹಗ್ಗವೊಂದು ಸಂಜೆಯೊಳಗೆ ಬರಬೇಕೆಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಮೈದಾನದಲ್ಲಿ ಇನ್ಸ್‌ಪೆಕ್ಟರು ಎಂಜಿನ್ ನಿಲ್ಲಿಸಲು ಹೇಳಿದಾಗ ದೇವಯ್ಯನವರು ಅಭ್ಯಾಸದಂತೆ ಸುತ್ತಲೂ ಇಳಿಜಾರು ಹುಡುಕಿದರು. ಕಾಲಿನ ಕೆಳಗೆ ನೆಲ ಎಲ್ಲಿಯೂ ವಾಲಿರಲಿಲ್ಲ. ಕೀ ತಿರುಗಿಸಿದರು; ಗಾಡಿ ಹೊರಟಿತು. ಒಂದು ದೀಪದ ಗಾಜು ಬಿರುಕು ಬಿಟ್ಟಿದೆ, ಬದಲಾಯಿಸಿ ಎಂದು ಹೇಳಿ ಇನ್ಸ್‌ಪೆಕ್ಟರು ಸಹಿ ಹಾಕಿದರು. ಗುಜರಿಯವನಿಗೆ ಬರಬೇಡವೆಂದು ಹೇಳುವ ಕೆಲಸ ಆಂಜಿನಯ್ಯನವರ ಪಾಲಿಗೆ ಬಂತು.

ಅದೇ ಮಧ್ಯಾಹ್ನ ದೇವಯ್ಯನವರು ಯಾರೂ ಕರೆಯದೆಯೇ ಎನ್.ಆರ್. ಕಾಲೋನಿಗೆ ಹೋದರು. ಜಾನಕಮ್ಮನವರು ಕನ್ನಡಕ ಸರಿಮಾಡಿಕೊಂಡು ಗೇಟಿಗೆ ಬಂದರು.

"ಬೇರೆ ಕೆಲಸ ಮುಗೀತೇನಪ್ಪಾ ದೇವಯ್ಯ?"

"ಮುಗೀತು ಕಣಮ್ಮ. ಮೂರು ವರ್ಷ ಹಿಡೀತು."

ಎಂಜಿನ್ ನಿಲ್ಲಿಸಿ, ಕೀಯನ್ನು ಜೇಬಿಗೆ ಹಾಕಿಕೊಂಡು ಕೆಳಗಿಳಿದರು. ಟೂಲ್ಸ್ ಪೆಟ್ಟಿಗೆಯ ಮುಚ್ಚಳಕ್ಕೆ ಈಗ ಸುಟ್ಟ ಎಕ್ಸಲೇಟರ್ ವೈರಿನ ತುಂಡೊಂದನ್ನು ಕಟ್ಟಿತ್ತು, ಗಂಟು ನಾರಾಯಣಮ್ಮನವರದು. ಒರಳುಕಲ್ಲನ್ನು ನೋಡಲು ಒಳಗೆ ಹೊರಟವರು ಏನೋ ನೆನಪಾಗಿ ಹಿಂದಿರುಗಿ ಬಂದು, ಆ ಸಮವಾದ ರಸ್ತೆಯಲ್ಲಿ ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟು ಹೋದರು.