ತೋಯದ ಕಟ್ಟಿಗೆ

ನನ್ನ ಗೆಳತಿ ಕೃಷ್ಣಾ ನದಿ ದಂಡೆಯ ಸತ್ತಿ ಊರಿನವಳು. ಹೊಳೆ ಏರಿದಾಗ ಅವಳ ಅಪ್ಪ ನೀರಿನಂಚಿನಿಂದ ಒಂದು ಮಾರು ಈಚೆ ಕಟ್ಟಿಗೆ ಊರುತ್ತಿದ್ದರು. ಅದು ತೋಯ್ದರೆ ದನ ಬಿಚ್ಚಿಕೊಂಡು ಹೊರಡಬೇಕು. ಅಥಣಿಯ ಹಾಸ್ಟೆಲ್ಲಿನಲ್ಲಿ ಹೇಗಿದ್ದೀಯೆಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ: "ಕಟ್ಟಿಗಿ ಇನ್ನಾ ತೋಯ್ದಿಲ್ಲ."

ಈಗ ಅವಳು ಐರ್ಲೆಂಡಿನ ಕಡಲ ದಂಡೆಯ ಸಣ್ಣ ಊರೊಂದರಲ್ಲಿ ನರ್ಸು. ಹೋದ ವರ್ಷ ಕೆಲಸದ ಮೇಲೆ ಆ ದೇಶಕ್ಕೆ ಹೋದಾಗ ಒಂದು ಶನಿವಾರ, ರವಿವಾರ ಅವಳಲ್ಲಿಗೆ ಹೋಗಿದ್ದೆ.

ರವಿವಾರ ಮಧ್ಯಾಹ್ನ ಹಸಿ ಮರಳು ದಾಟಿ ಒಂದು ದಿಬ್ಬದ ಮೇಲೆ ಕುಳಿತೆವು. ಅವಳು ನೀರಿನ ಕಡೆ ಒಂದು ಕಟ್ಟಿಗೆ ಊರಿದಳು. ಆಮೇಲೆ ಕಡಲಿಗೆ ಬೆನ್ನು ಮಾಡಿ, ಊರಿನ ಕಡೆ ಮುಖ ಮಾಡಿ ಕುಳಿತಳು. ವಿಚಿತ್ರವೆನಿಸಿತು. ಕಟ್ಟಿಗೆಯನ್ನು ನಾನೇ ನೋಡುತ್ತಿದ್ದೆ. ಸಮುದ್ರ ಒಂದು ಗೇಣೂ ಮುಂದೆ ಬಂದಿರಲಿಲ್ಲ.

ಮಾತಿನ ನಡುವೆ, ದನಿ ಏರಿಸದೆ ಹೇಳಿದಳು: "ಏಳ ಬೇ. ಆ ಕಟ್ಟಿಗಿ ನೋಡಬ್ಯಾಡ. ನನ್ನ ಕೈ ಹಿಡಿ."

ತಿರುಗಿದೆ. ನಾವು ನಡೆದು ಬಂದ ಮರಳೇ ಇರಲಿಲ್ಲ. ದಿಬ್ಬವನ್ನು ಸಪ್ಪಳವಿಲ್ಲದೆ ಸುತ್ತಿ ಬಂದ ಉಬ್ಬರದ ನೀರು ಅಲ್ಲಿ ಹೊಳೆಯುತ್ತ ಮಲಗಿತ್ತು. ತೊಡೆಮಟ್ಟ ನೀರಿನಲ್ಲಿ ದಾಟಿದೆವು.

"ಹೊಳಿ ಎದುರಿಂದ ಬರತೈತಿ," ಎಂದಳು. "ಇದು ಬೆನ್ನ ಹಿಂದ ಬರತೈತಿ."

"ಮತ್ತ ಕಟ್ಟಿಗಿ ಯಾಕ ಊರತಿ?"

ಉತ್ತರಿಸುವಷ್ಟರಲ್ಲಿ ಅವಳ ಕೋಟಿನಲ್ಲಿ ಫೋನು ಮೊಳಗಿತು. ಸತ್ತಿಯಿಂದ ಅಪ್ಪ. ಅವಳು ತಿರುಗಿ ದಿಬ್ಬದ ಕಡೆ ನೋಡಿದಳು. ಕಟ್ಟಿಗೆ ಒಣ ಮರಳಿನಲ್ಲಿ ನೆಟ್ಟಗೆ ನಿಂತಿತ್ತು.

"ಇಲ್ಲಪ್ಪಾ," ಎಂದಳು, ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು, "ಕಟ್ಟಿಗಿ ಇನ್ನಾ ತೋಯ್ದಿಲ್ಲ."