ಕೈ ಮೂಸುತ್ತಿದ್ದ ಮೇಡಂ

ನಮ್ಮ ಮೇಡಂ ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಇಲಿ ಕಚ್ಚಿದ ಎರಡು ಬಿಳಿ ಚುಕ್ಕೆಗಳಿದ್ದವು. ಮೊದಲ ದಿನವೇ ಆ ಬೆರಳನ್ನು ಇಡೀ ತರಗತಿಗೆ ತೋರಿಸಿ, ಇದೇ ನನ್ನ ಮೊದಲನೇ ಡಿಗ್ರಿ ಎಂದು ನಕ್ಕಿದ್ದರು. ಪಾಠ ಇಂಗ್ಲಿಷಿನಲ್ಲಿ, ಸಿಪಾಯಿಯ ಜೊತೆ ಜಗಳ ಮರಾಠಿಯಲ್ಲಿ, ನನ್ನನ್ನು ಬೈಯುವುದು ಮಾತ್ರ ಅಪ್ಪಟ ಧಾರವಾಡ ಕನ್ನಡದಲ್ಲಿ. ಆ ಬೈಗುಳಕ್ಕೇ ನಾನು ಕಾಲೇಜಿಗೆ ಓಡುತ್ತಿದ್ದೆ.

ಮೆದುಳು ಮತ್ತು ವರ್ತನೆಯ ಪದವಿಗೆ ನಾನು ಸೇರಿದ್ದು ಪಿಂಪ್ರಿಯ ಕಾರ್ಖಾನೆಯಲ್ಲಿದ್ದ ಅಪ್ಪನಿಗೆ ನುಂಗಲಾರದ ತುತ್ತು. "ಡಾಕ್ಟರೂ ಅಲ್ಲ, ಇಂಜಿನಿಯರೂ ಅಲ್ಲ, ಏನವಾ ಇದು? ಕಡೀ ವರ್ಷದ ಪ್ರಾಜೆಕ್ಟ್ ಚಲೋ ಆದ್ರ ಮುಂದ ಓದು. ಇಲ್ಲಂದ್ರ ಸದಾಶಿವ ಪೇಠದಾಗ ಬ್ಯಾಂಕ್ ಪರೀಕ್ಷಾ ಕ್ಲಾಸಿಗೆ ನಡಿ" ಎಂದುಬಿಟ್ಟಿದ್ದರು.

ನನ್ನ ಪ್ರಾಜೆಕ್ಟು ಇಲಿಯ ನೆನಪಿನ ಬಗ್ಗೆ. ಕವಲುದಾರಿಯ ಪೆಟ್ಟಿಗೆ, ಎರಡೂ ತುದಿಯಲ್ಲಿ ಕಾಳಿನ ಬಟ್ಟಲು, ಎರಡಕ್ಕೂ ಜಾಲರಿಯ ಮುಚ್ಚಳ. ಬಲಗಡೆಯ ಮುಚ್ಚಳವನ್ನು ಮಾತ್ರ ನಾನು ಬರಿಗೈಯಿಂದ ತೆಗೆದಿಡುತ್ತಿದ್ದೆ. ಬಲಕ್ಕೆ ಹೋದರಷ್ಟೇ ಊಟ ಎಂಬುದನ್ನು ಇಲಿ ನೆನಪಿಡಬೇಕು. ನನ್ನ ಇಲಿಯೋ, ಮರುದಿನದಿಂದಲೇ ತಪ್ಪದೆ ಬಲಕ್ಕೆ! ಕುಣಿಯುತ್ತ ಹೋಗಿ ಮೇಡಂ ಅವರನ್ನು ಕರೆತಂದೆ. ಅವರು ನೋಡಿದರು, ನನ್ನ ಕೈ ಎಳೆದು ಮೂಸಿದರು.

"ಶೇಂಗಾ ಚಟ್ನಿ ತಿಂದ್ ಬಂದೀ ಏನು?"

"ಹೌದ್ರಿ, ರೊಟ್ಟಿ ಜೋಡಿ."

"ಹಂಗಾರ ಇದು ದಾರಿ ನೆನಪಿಟ್ಟಿಲ್ಲ. ನಿಮ್ಮವ್ವನ ಚಟ್ನಿ ವಾಸನಿ ಹಿಡದು ಹೊಂಟದ!"

ನನಗೆ ಅಳುವೇ ಬಂತು. ಬ್ಯಾಂಕ್ ಕ್ಲಾಸು ಕಣ್ಣೆದುರು ಬಂದು ನಿಂತಿತು. "ಅಳಬ್ಯಾಡ. ಕೈ ತೊಳಕೊ. ಹೊಸಾ ಇಲಿ, ಮೊದಲಿಂದ" ಎಂದರು ಮೇಡಂ. ಅಂದಿನಿಂದ ಬಾಗಿಲಲ್ಲೇ ನನ್ನ ಕೈ ಮೂಸಿ ಒಳಗೆ ಬಿಡುತ್ತಿದ್ದರು.

ಹೊಸ ಇಲಿ ಮಹಾ ಸೋಮಾರಿ. ಎಡಕ್ಕೆ ಹೋಗುವುದು, ನಡುವೆ ಕೂತು ಮೀಸೆ ತೀಡುವುದು. ಅಯ್ಯೋ, ಎಷ್ಟು ಶಪಿಸಿದೆನೋ! ಕೊನೆಗೊಂದು ದಿನ ಕವಲಿನಲ್ಲಿ ನಿಂತಿತು, ಆ ಕಡೆ ಈ ಕಡೆ ನೋಡಿತು, ಬಲಕ್ಕೆ ನಡೆಯಿತು. ಮರುದಿನವೂ, ಅದರ ಮರುದಿನವೂ.

ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ ಮೊದಲ ಪ್ರಶ್ನೆಯೇ ಅದು: ವಾಸನೆಯಿಂದ ಹೋಗಲಿಲ್ಲ ಎಂದು ಹೇಗೆ ಹೇಳುತ್ತೀ? ಕೈಗವಸು ಹಾಕಿ, ಬಟ್ಟಲುಗಳನ್ನು ತೊಳೆದು, ಅದಲುಬದಲು ಮಾಡಿಯೂ ನೋಡಿದ್ದೇನೆ ಸರ್, ಆದರೂ ಬಲಕ್ಕೇ ಹೋಯಿತು ಎಂದೆ. ಎದೆ ಉಬ್ಬಿತ್ತು. ಮೂಲೆಯಲ್ಲಿದ್ದ ಮೇಡಂ ಕಿಟಕಿಯತ್ತ ತಿರುಗಿ ನಗು ನುಂಗಿಕೊಂಡರು. ಇಡೀ ತರಗತಿಗೆ ನಾನೇ ಮೊದಲು. ಅಪ್ಪ ಬೆಳಗಾವಿಯ ಬಂಧುಗಳಿಗೆಲ್ಲ ಫೋನು ಹಚ್ಚಿ, "ನಮ್ಮಾಕಿ ಮೆದುಳಿನ ಇಂಜಿನಿಯರ್ ಆಗ್ಯಾಳ" ಎಂದು ಸಾರಿದರು.

ಮೇಡಂ ನಿವೃತ್ತರಾದ ದಿನ ಅವ್ವನ ಚಟ್ನಿಯ ಡಬ್ಬಿ ಒಯ್ದೆ. "ಇವತ್ತ ಇಲಿ ಮುಟ್ಟೂದಿಲ್ಲ, ಹಾಕು" ಎಂದು ಅಂಗೈ ಚಾಚಿದರು.

ಈಗ ನನಗೂ ಒಂದು ಪ್ರಯೋಗಶಾಲೆ ಇದೆ, ಬೆರಳಿಗೆ ಇಲಿಯ ಎರಡು ಚುಕ್ಕೆಗಳಿವೆ. ಫಲಿತಾಂಶ ಅಚ್ಚುಕಟ್ಟಾಗಿ ಬಂದ ದಿನ ಕುಣಿಯುವ ಮೊದಲು ನನ್ನ ಕೈಯನ್ನು ನಾನೇ ಮೂಸಿ ನೋಡಿಕೊಳ್ಳುತ್ತೇನೆ.