ನಮಗೇನೂ ಬ್ಯಾಡ್ರಿ
ಹೊಸ ಜಿಲ್ಲೆಯಾದ ಮೇಲೆ ನಗರ ಯೋಜನೆಗಾಗಿ ಬೆಟಗೇರಿಯ ಓಣಿಗಳಲ್ಲಿ ಜನರ ಅಭಿಪ್ರಾಯ ಬರೆದುಕೊಳ್ಳುವುದು ನನ್ನ ಕೆಲಸ. ನೇಕಾರರ ಓಣಿಯ ಬನಶಂಕರೆವ್ವ ನನ್ನನ್ನು ಕಂಡರೆ ಸಾಕು, ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಗಟಾರು ಉಕ್ಕಿ ಹೊಸ್ತಿಲಿಗೆ ಬಂದಿದ್ದರೂ, “ಎಲ್ಲಾ ಛಲೋ ಐತ್ರಿ, ನಮಗೇನೂ ಬ್ಯಾಡ್ರಿ” ಎನ್ನುತ್ತಾಳೆ. ಹನಿ ನೀರು ಬಾರದ ನಳವನ್ನು ಹೊಗಳುತ್ತಾಳೆ. ಬೀದಿದೀಪ ಕೇಳಹೊರಟ ನೆರೆಯವಳ ಬಾಯಿಯನ್ನೇ ಮುಚ್ಚುತ್ತಾಳೆ. ಮೊನ್ನೆ ಕೇಳಿಯೇ ಬಿಟ್ಟೆ: “ಯಾಕಿಷ್ಟ ಅಂಜ್ತೀಯವ್ವಾ?” ಅವಳು ಬಾಗಿಲನ್ನು ಅರ್ಧ ಎಳೆದುಕೊಂಡು ಹೇಳಿದಳು: “ನಮ್ಮ ತಂಗಿ ಲಕ್ಷ್ಮೀದೇವಿ, ರಸ್ತಾ ದೊಡ್ಡದಾಗ್ಲಿ ಅಂತ ಹಿಂಗ ಬರೆಸಿದ್ಳರಿ. ರಸ್ತಾ ಆತು. ಆಕಿ ಮನಿ, ಮಗ್ಗ ಎಲ್ಲಾ ಅದರಾಗ ಹೋತು.” ಆ ಲಕ್ಷ್ಮೀದೇವಿಗೆ “ರಸ್ತಾ ಆದ್ರ ನಿಮಗ ಛಲೋ ಆಗ್ತೈತ್ರಿ” ಎಂದು ಪುಸಲಾಯಿಸಿ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನೇ. ಅದನ್ನು ಬನಶಂಕರೆವ್ವನಿಗೆ ಹೇಳಲು ನನಗೇ ಅಂಜಿಕೆಯಾಯಿತು.